ಇಪ್ಪತ್ತೊಂದು ದಿನದ ಪಥ್ಯ

ಹತ್ತಿಮತ್ತೂರಿನಲ್ಲಿ ಮಾದೇವಿಯ ಗಂಡನ ಮನೆತನದವರು ಮೂರು ತಲೆಮಾರಿನಿಂದ ಕಾಮಣಿಗೆ ಔಷಧ ಕೊಡುತ್ತ ಬಂದವರು. ಕಣ್ಣು ಹಳದಿಯಾದವರು ಭಾನುವಾರ, ಗುರುವಾರ ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಅತ್ತೆಯ ಕೈ ನಡುಗಲು ಶುರುವಾದ ಮೇಲೆ ಸೊಪ್ಪು ಅರೆದು, ಮಜ್ಜಿಗೆಯಲ್ಲಿ ಕಲಸಿ ಕುಡಿಸುವ ಕೆಲಸ ಮಾದೇವಿಯ ಪಾಲಿಗೆ ಬಂತು. ಕುಡಿದವರಿಗೆ ಪಥ್ಯ. ಇಪ್ಪತ್ತೊಂದು ದಿನ ಎಣ್ಣೆ ಇಲ್ಲ, ಖಾರ ಇಲ್ಲ, ಬೇರೆ ಯಾವ ಔಷಧವೂ ಇಲ್ಲ.

ಮಾದೇವಿ ಮಾತ್ರ ದಿನವೂ ಒಂದು ಗುಳಿಗೆ ನುಂಗುತ್ತಿದ್ದಳು. ಗಂಡ ಲಕ್ಷ್ಮಪ್ಪ ತೀರಿಕೊಂಡ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಅವಳಿಗೆ ಎಚ್‌ಐವಿ ಇರುವುದು ಗೊತ್ತಾಗಿತ್ತು. ಜೊತೆಗೆ ಲಿವರಿಗೆ ಹತ್ತುವ ಹೆಪಟೈಟಿಸ್ ಬಿ ಕೂಡ. ಸವಣೂರಿನಲ್ಲಿ ಗುರುತಿನವರು ಬಹಳವೆಂದು ಶಿಗ್ಗಾಂವದ ಆಸ್ಪತ್ರೆಗೆ ಹೋಗುತ್ತಿದ್ದಳು. ಅಲ್ಲಿ ತಿಳಿವಳಿಕೆ ಹೇಳುವ ಜಯಾ ಮೊದಲ ದಿನವೇ ಅಂದಿದ್ದಳು: "ಈ ಒಂದ ಗುಳಿಗ್ಯಾಗ ಮೂರು ಔಷಧ ಅದಾವ್ರಿ. ಅದರಾಗ ಎರಡು ಲಿವರಿನ ರೋಗಾನೂ ಹಿಡದು ಕುಂಡ್ರಸ್ತಾವು. ನೀವು ಬಿಟ್ರ ಮೊದಲ ಏಳೋದು ಲಿವರಿಂದ."

ಮನೆಯಲ್ಲಿ ಅದು ಬಿಪಿ ಗುಳಿಗೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ. ಕಟ್ಟೆಯ ಮೇಲೆ ತಾನು ಹೇಳುವ ಮಾತಿಗೂ ಈ ಗುಳಿಗೆಗೂ ಸಂಬಂಧವಿದೆ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಎರಡೂ ದಿನದ ಕೆಲಸ. ಮಾಡಿ ಮುಗಿಸುತ್ತಿದ್ದಳು, ಅಷ್ಟೇ.

ಜುಲೈ ತಿಂಗಳ ಒಂದು ಗುರುವಾರ ಸವಣೂರಿನಿಂದ ಹಯಾತ ಬಂದ. ಎಲೆಬಳ್ಳಿಯ ತೋಟದಲ್ಲಿ ಕೆಲಸ ಮಾಡುವವನು, ನಲವತ್ತರ ಆಸುಪಾಸು. ಕಣ್ಣಿನಲ್ಲಿ ತೆಳ್ಳನೆಯ ಹಳದಿ. ಬಟ್ಟಲು ಬರಿದು ಮಾಡಿ, ಹೋಗದೆ ನಿಂತ.

"ಅಕ್ಕಾರ, ನಾ ದಿನಾ ಒಂದ ಗುಳಿಗಿ ತಗೋತೇನ್ರಿ. ಅದನ್ನೂ ಬಿಡಬೇಕೇನ್ರಿ?"

"ಇಪ್ಪತ್ತೊಂದ ದಿನ ಬ್ಯಾರೆ ಏನೂ ಬ್ಯಾಡ್ರಿ."

ಯಾವ ಗುಳಿಗೆ ಎಂದು ಅವಳು ಕೇಳಲಿಲ್ಲ. ಅವನ ಹಿಂದೆ ಇನ್ನೂ ಹದಿನಾಲ್ಕು ಜನ ಕಾಯುತ್ತಿದ್ದರು. ಸೊಂಟ ನೋಯುತ್ತಿತ್ತು.

ಅಕ್ಟೋಬರಿನಲ್ಲಿ ಅವಳು ಗುಳಿಗೆ ತರಲು ಶಿಗ್ಗಾಂವಕ್ಕೆ ಹೋದಾಗ, ಜಯಾಳ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಕಣ್ಣ ಕೆಳಗೆ ಕಪ್ಪು. ಮಾದೇವಿಯನ್ನು ನೋಡುತ್ತಲೇ ಇದ್ದಳು.

"ನೀವು ಹತ್ತಿಮತ್ತೂರಾಗ ಔಷಧ ಕೊಡ್ತೀರಲ್ಲೇನ್ರಿ?" ಎಂದಳು ಕೊನೆಗೆ. "ನಾ ಹಯಾತನ ಮನ್ಯಾಕಿ, ಗುಲ್ನಾರ. ಅವತ್ತ ನಾನೂ ಜೋಡಿ ಬಂದಿದ್ದೆ."

"ಹೆಂಗದಾರವ್ವಾ?"

"ಹುಬ್ಬಳ್ಳ್ಯಾಗ ಅದಾರ. ಗುಳಿಗಿ ಬಿಟ್ಟು ಎರಡ ತಿಂಗಳಿಗೆ ಹೊಟ್ಟಿ ಉಬ್ಬಿತು, ಮೈಯೆಲ್ಲಾ ಹಳದಿ ಆತು. ಲಿವರಿನ ರೋಗ ಎದ್ದು ಕುಂತೈತಿ ಅಂದ್ರು ಡಾಕ್ಟರು. ಮದಲಿನ ಹಳದಿ ತಾನ ಹೋಗೂದಿತ್ತಂತ, ಅದು ನೀರಿನಿಂದ ಬಂದದ್ದು."

ಮಾದೇವಿ ಕೈಯಲ್ಲಿದ್ದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬಹುದಿತ್ತು. ಅಷ್ಟರಲ್ಲಿ ಗುಲ್ನಾರ ಅದನ್ನು ನೋಡಿಯಾಗಿತ್ತು. ಗಂಡನಿಗೆ ಒಯ್ಯಲು ತೆಗೆದುಕೊಂಡ ಅಂಥದೇ ಡಬ್ಬಿ ಅವಳ ಮಡಿಲಲ್ಲೂ ಇತ್ತು.

"ನೀವೂ ಇದನ್ನ ತಗೋತೀರೇನ್ರಿ?"

"ಹೂಂ. ಹನ್ನೊಂದ ವರ್ಷ ಆತು."

"ನಡುವ ಯಾವಾಗರ ಬಿಟ್ಟೀರೇನ್ರಿ?"

"ಇಲ್ಲ."

ಗುಲ್ನಾರ ಬೈಯಲಿಲ್ಲ. ಬುರ್ಖಾ ಸರಿಮಾಡಿಕೊಂಡು ಎದ್ದು ಬಾಗಿಲಿನ ಆ ಕಡೆ ಹೋಗಿ ನಿಂತಳು.

ಆ ಭಾನುವಾರ ಮಾದೇವಿ ಸೊಪ್ಪು ಅರೆಯಲಿಲ್ಲ. ಅತ್ತೆ ಕೇಳಿದಾಗ ಬಿಪಿ ಗುಳಿಗೆಯ ನಿಜವನ್ನು ಹೇಳಿದಳು, ಹಯಾತನ ಸುದ್ದಿಯನ್ನೂ ಹೇಳಿದಳು.

"ನನ್ನ ಮಗನೂ ಅದಕ್ಕ ಹೋದನಲ್ಲ," ಎಂದಳು ಮುದುಕಿ. "ನನಗ ಗೊತ್ತಿತ್ತು. ನೀ ಹೇಳ್ತೀ ಅಂತ ಕಾಯ್ದೆ. ಈಗ ಜನಾ ಕುಂತಾರ, ಅವರಿಗೇನ್ ಹೇಳ್ಲಿ?"

"ಮೊದಲ ರಕ್ತ ಪರೀಕ್ಷಾ ಮಾಡಿಸ್ಕೊಂಡ ಬರ್ರಿ ಅನ್ನೋಣ್ರಿ. ತಗೊಳ್ಳೋ ಗುಳಿಗಿ ಬಿಡಬ್ಯಾಡ್ರಿ ಅನ್ನೋಣು."

"ಹಂಗಂದ್ರ ಯಾರ್ ಬರ್ತಾರ?"

ನಿಜವೇ. ಕೆಲವರು ಸಿಟ್ಟಾಗಿ ಎದ್ದು ಹೋದರು. ಪಕ್ಕದ ಊರಿನಲ್ಲಿ ಔಷಧ ಕೊಡುವವರು ಇನ್ನೊಬ್ಬರಿದ್ದರು, ಅಲ್ಲಿಗೆ ಹೋದರು. ದೀಪಾವಳಿಯ ಹೊತ್ತಿಗೆ ಕಟ್ಟೆ ಖಾಲಿಯಾಯಿತು. ಅತ್ತೆ ಜಗಳವಾಡಲಿಲ್ಲ. ಆದರೆ ಭಾನುವಾರ ಬೆಳಗ್ಗೆ ಅಭ್ಯಾಸ ಬಲದಿಂದ ಬಾಗಿಲಿಗೆ ಬಂದು ನಿಂತು, ಒಳಗೆ ಹೋಗುತ್ತಿದ್ದಳು.

ಹಯಾತ ಹುಬ್ಬಳ್ಳಿಯಿಂದ ಮನೆಗೆ ಬಂದನೆಂದು ಡಿಸೆಂಬರಿನಲ್ಲಿ ತಿಳಿಯಿತು. ಮಾದೇವಿ ಸವಣೂರಿಗೆ ಹೋದಳು. ಹೋಗುವುದಕ್ಕೆ ಮೂರು ಸಲ ತಯಾರಾಗಿ ಮೂರು ಸಲವೂ ಬಿಟ್ಟಿದ್ದಳು. ಅವನು ಪಡಸಾಲೆಯಲ್ಲಿ ಕುಳಿತು ವೀಳ್ಯದೆಲೆ ಆರಿಸುತ್ತಿದ್ದ. ಬುಟ್ಟಿ ಹೊರುವ ಶಕ್ತಿ ಇನ್ನು ಅವನಿಗೆ ಬರುವಂತಿರಲಿಲ್ಲ. ಗುಳಿಗೆ ಮತ್ತೆ ಶುರುವಾಗಿತ್ತು, ಕಣ್ಣು ಬೆಳ್ಳಗಾಗಿತ್ತು, ಕುತ್ತಿಗೆ ಮಾತ್ರ ಬಳ್ಳಿಯಂತೆ ಸಣ್ಣಗಾಗಿತ್ತು.

"ನಂದ ತಪ್ಪಾತ್ರಿ, ಅಣ್ಣಾರ," ಎಂದಳು. "ನಾ ತಗೊಳ್ಳೂದನ್ನ ನಿಮಗ ಬ್ಯಾಡಂದೆ."

ಹಯಾತ ಎಲೆ ತಿರುವಿ ನೋಡಿ ಪಕ್ಕಕ್ಕಿಟ್ಟ. "ಒಂಬತ್ತ ವರ್ಷ ತಗೊಂಡಿದ್ದೆ ನಾ. ಸಾಕಾಗಿತ್ರಿ. ನೀವು ಬ್ಯಾಡ ಅಂದಾಗ, ಖರೇ ಹೇಳ್ಬೇಕಂದ್ರ, ನನಗ ಹಗರ ಆತು. ಇಪ್ಪತ್ತೊಂದ ದಿನ ಮುಗದ ಮ್ಯಾಲೂ ನಾ ಶುರು ಮಾಡ್ಲಿಲ್ಲ. ಅದನ್ನ ಈಕಿಗೂ ಹೇಳಿರ್ಲಿಲ್ಲ."

"ಆದ್ರೂ ಮಾಫ್ ಮಾಡ್ರಿ."

"ಆಕೀನ ಕೇಳ್ರಿ. ದವಾಖಾನ್ಯಾಗ ನನ್ನ ಎತ್ತಿ ಇಳಿಸಿದಾಕಿ ಆಕಿ."

ಗುಲ್ನಾರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಗಂಡನ ಮುಖವನ್ನು ಒಮ್ಮೆ ನೋಡಿದಳು. ಚಹಾ ತಂದಿಟ್ಟು, ಗೋಡೆಗೆ ಒರಗಿ ಕುಳಿತು, ಕಾಲು ಚಾಚಿದಳು.

ಹತ್ತಿಮತ್ತೂರಿನ ಬಸ್ಸು ಓಣಿಯ ತುದಿಯಲ್ಲಿ ಹಾರ್ನ್ ಹಾಕಿ ಹೋಯಿತು. ಮಾದೇವಿ ಏಳಲಿಲ್ಲ.

"ಇನ್ನೊಂದ ಬಸ್ಸಿಗೆ ತಾಸ ಹಿಡಿತೈತಿ," ಎಂದು ಗುಲ್ನಾರ ಎಲೆಯ ರಾಶಿಯಿಂದ ಒಂದಿಷ್ಟು ಅವಳ ಕಡೆ ಸರಿಸಿದಳು. "ತೂತ ಬಿದ್ದದ್ದು ಈ ಕಡೆ ಹಾಕ್ರಿ."