ಮೂರೆಣಿಕೆಯ ನಡಿಗೆ

ಗುರುಸಿದ್ದಪ್ಪನವರು ಬರುತ್ತಿದ್ದಾರೆಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಬಲಗಾಲಿನ ಬೂಟು ನೆಲವನ್ನು ಭದ್ರವಾಗಿ ಮೆಟ್ಟುವುದು, ಜಜ್ಜಿಹೋದ ಎಡಗಾಲು ಅದರ ಹಿಂದೆ ಮೆಲ್ಲನೆ ಎಳೆದುಕೊಂಡು ಬರುವುದು, ಆಮೇಲೆ ಅದೇ ಎಡಗಾಲಿನ ತುದಿ ಒಮ್ಮೆ ನೆಲವನ್ನು ತಟ್ಟಿ ಮುಂದಿನ ಹೆಜ್ಜೆಗೆ ಅಪ್ಪಣೆ ಕೇಳುವುದು: ಒಂದು ದೊಡ್ಡ ಪೆಟ್ಟು, ಎರಡು ಸಣ್ಣವು. ನಾಗಪುರದ ಅಜನಿ ರೈಲ್ವೆ ಕಾಲನಿಯಲ್ಲಿ ಕುಂಟುವವರಿಗೆ ಬರವಿರಲಿಲ್ಲ, ಯಾರ್ಡಿನ ಕೆಲಸವೇ ಅಂಥದ್ದು. ಆದರೆ ತಾಳ ತಪ್ಪದೆ ಕುಂಟುವವರು ಇವರೊಬ್ಬರೇ. ಬೇಸಿಗೆಯಲ್ಲೂ ಬಿಡದ ಕಪ್ಪು ಕೋಟು, ಅದರ ಒಳಜೇಬಿನಲ್ಲಿ ಗ್ರಾಮಫೋನಿನ ಮುಳ್ಳುಗಳ ತಗಡಿನ ಡಬ್ಬಿ, ನಡೆದಾಗಲೆಲ್ಲ ಆ ಡಬ್ಬಿಯ ಝಲ್ ಝಲ್. ಒಂದು ಹಾಡಿನ ತಟ್ಟೆಗೆ ಬಳಸಿದ ಮುಳ್ಳನ್ನು ಇನ್ನೊಂದಕ್ಕೆ ಬಳಸುವುದು ಅವರ ಲೆಕ್ಕದಲ್ಲಿ ಎಂಜಲೆಲೆಯಲ್ಲಿ ಇನ್ನೊಬ್ಬರಿಗೆ ಬಡಿಸಿದಂತೆ.

ಅವರು ಶಹಾಬಾದಿನ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ನಲವತ್ತಾರರಲ್ಲಿ ಎರಡು ವ್ಯಾಗನ್ನುಗಳ ನಡುವೆ ಪಾದ ಸಿಕ್ಕಿ ಮೂರು ತಿಂಗಳು ಆಸ್ಪತ್ರೆಯಲ್ಲಿ ಬಿದ್ದಿದ್ದರು. ಆ ವಾರ್ಡಿನ ಕಿಟಕಿಗೆ ಎದುರಾಗಿ ರೈಲ್ವೆ ಇನ್ಸ್‌ಟಿಟ್ಯೂಟಿನ ಹಾಲು. ಪ್ರತಿ ಶನಿವಾರ ಸಂಜೆ ಆಂಗ್ಲೋ ಇಂಡಿಯನ್ ಡ್ರೈವರುಗಳು ಹೆಂಡಿರ ಕೈಹಿಡಿದು ಅಲ್ಲಿ ಮೂರೆಣಿಕೆಯ ತಾಳಕ್ಕೆ ನರ್ತಿಸುತ್ತಿದ್ದರು. ಮುಂದಿನದನ್ನು ಅವರು ನನಗೆ ಹತ್ತಾರು ಸಲ ಹೇಳಿದ್ದಾರೆ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ.

"ಡಾಕ್ಟರ್ ನಡೀ ಅಂದ್ರ ಕಾಲು ಕೇಳಲಿಲ್ರಿ ಮಾಸ್ತರ. ಆ ಬಾಜಾ ಶುರು ಆತು ನೋಡ್ರಿ, ಕಾಲು ತಾನೇ ಎದ್ದು ನಿಂತದ. ಮಂದಿ ಅದನ್ನ ಕುಣೀಲಿಕ್ಕ ಅಂತಾರ. ನನಗ ಅದು ನಡೀಲಿಕ್ಕ."

ಸ್ವಾತಂತ್ರ್ಯ ಬಂದ ಮೇಲೆ ಆ ಕುಟುಂಬಗಳು ಒಂದೊಂದಾಗಿ ಹಡಗು ಹತ್ತಿದವು. ಇವರ ಗಾಡಿಯ ಡ್ರೈವರ್ ಆಗಿದ್ದ ರೆಬೇರೋ ಹೋಗುವ ದಿನ ತನ್ನ ತಟ್ಟೆಗಳ ಪೆಟ್ಟಿಗೆಯನ್ನೂ ಪೆಟ್ಟಿಗೆಯಂಥದೇ ಗ್ರಾಮಫೋನನ್ನೂ ಇವರ ಜಗುಲಿಯ ಮೇಲಿಟ್ಟು ಕಣ್ಣೊರೆಸಿಕೊಂಡು ಹೋದನಂತೆ. ಇನ್ಸ್‌ಟಿಟ್ಯೂಟಿನ ಹಾಲಿನಲ್ಲಿ ಭಜನೆ, ಯೂನಿಯನ್ನಿನ ಸಭೆ, ಲಗ್ನದ ಊಟ ಆರಂಭವಾದವು. ಒಂದು ದಿನವೂ ಕುಣಿದವರಲ್ಲದ ಗುರುಸಿದ್ದಪ್ಪನವರು, ಹಣೆಯ ಮೇಲೆ ಮೂರು ಬೆರಳು ವಿಭೂತಿ ಧರಿಸಿದ ಗೃಹಸ್ಥರು, ಊರಿನ ಸಮಸ್ತ ನೃತ್ಯಸಂಗೀತಕ್ಕೆ ಏಕೈಕ ವಾರಸುದಾರರಾದರು.

ಅವರ ಹಟ ಒಂದೇ. ಕಾರ್ಖಾನೆಯ ಭೋಂಗಾ ಊದಿ ಪಾಳಿ ಬಿಡುವ ಹೊತ್ತಿಗೆ ನಮ್ಮ ಊರಿನ ರೇಡಿಯೋ ನಿಲಯ ದಿನಕ್ಕೆ ಅರ್ಧ ಗಂಟೆ ನೃತ್ಯಸಂಗೀತ ಹಾಕಬೇಕು. ನಾಲ್ಕು ವರ್ಷ ಅರ್ಜಿ ಬರೆದರು. ಕೀರ್ತನೆ ಮತ್ತು ಹತ್ತಿಯ ಧಾರಣೆ ಕೇಳುವವರು ನಿಲಯವನ್ನು ಕೇಳುತ್ತಿದ್ದರು, ಸಿನಿಮಾ ಹಾಡು ಬೇಕಾದವರು ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸುತ್ತಿದ್ದರು; ನಡುವೆ ಇದಕ್ಕೆ ಜಾಗವೆಲ್ಲಿ? ನಾನು ಶಾಲಾಮಾಸ್ತರ, ಮೈಸೂರಿನಿಂದ ಬಂದವನು, ಬುದ್ಧಿ ಹೇಳುವುದು ಹೊಟ್ಟೆಪಾಡು. "ಯಾರು ಕೇಳ್ತಾರೆ ಸಾರ್ ಇದನ್ನ?" ಎಂದು ನಕ್ಕಿದ್ದೆ.

"ಹಾಸಿಗಿ ಹಿಡದವ್ರು ಕೇಳ್ತಾರ," ಎಂದರು ಅವರು, ನಗದೆ.

ಐವತ್ತನಾಲ್ಕರಲ್ಲಿ ನಿಲಯಕ್ಕೆ ಬೋಕಾರೆ ಎಂಬ ಹೊಸ ಅಧಿಕಾರಿ ಬಂದರು. ಸಹೃದಯ ಮನುಷ್ಯ. ಆರು ಶನಿವಾರ ಪರೀಕ್ಷಾರ್ಥವಾಗಿ ಹಾಕೋಣ, ಕೇಳುಗರಿಂದ ಪತ್ರಗಳು ಬಂದರೆ ಖಾಯಂ ಮಾಡೋಣ, ಬಾರದಿದ್ದರೆ ಕೈಬಿಡೋಣ ಎಂದು ಮಾತು ಕೊಟ್ಟರು. ಅಂದು ಸಂಜೆ ಗುರುಸಿದ್ದಪ್ಪನವರ ಹೆಜ್ಜೆ ನಮ್ಮ ಬೀದಿಯಲ್ಲಿ ಎಂದಿಗಿಂತ ಬೇಗ ಬಡಿಯಿತು.

ಒಪ್ಪಲೇಬೇಕು, ಆ ಆರು ಶನಿವಾರ ಕಾಲನಿಗೆ ಏನೋ ಆಗಿತ್ತು. ಕಿಟಕಿಗಳಲ್ಲಿ ಪಿಟೀಲು, ಕೊಳವೆವಾದ್ಯಗಳ ಅಲೆ ಎದ್ದಿತೆಂದರೆ ಪಾಳಿ ಮುಗಿಸಿ ಬರುವವರ ಕಾಲುಗಳು ತಾವೇ ಹಗುರಾಗುತ್ತಿದ್ದವು. ಮೊದಲ ದಿನ ಗಂಡನನ್ನು ಬಾಯಿಗೆ ಬಂದಂತೆ ಬೈದ ಗುರುಸಿದ್ದಪ್ಪನವರ ಹೆಂಡತಿ ಲಕ್ಷ್ಮವ್ವ ಮೂರನೆಯ ವಾರಕ್ಕೆ ನನ್ನೆದುರೇ ಸೋತರು. "ರೊಟ್ಟಿ ಬಡಿಯೋ ಕೈ ಅದರ ತಾಳಕ್ಕೇ ಬೀಳ್ತದ ನೋಡ್ರಿ, ಸುಡುಗಾಡು!" ಎಂದು ಹಿಟ್ಟಿನ ಕೈಯಿಂದ ಹಣೆ ಚಚ್ಚಿಕೊಂಡರು. ಹಿಂದಿನ ಸಾಲಿನ ಫಿಟ್ಟರ್ ಬಸವಂತನ ತಾಯಿ ಮಹಾದೇವಮ್ಮ ಲಕ್ವಾ ಹೊಡೆದು ಎರಡು ವರ್ಷದಿಂದ ಮಂಚಕ್ಕಂಟಿದ್ದವಳು. ನಾಲ್ಕನೆಯ ಶನಿವಾರ ಅವಳ ಕಾಲ್ಬೆರಳು ಹೊದಿಕೆಯ ಕೆಳಗೆ ಅಲುಗಿತು. ಬಸವಂತ ಓಡಿಬಂದು ಗುರುಸಿದ್ದಪ್ಪನವರ ಕಾಲಿಗೆ ಬಿದ್ದ. ಆ ಕ್ಷಣ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

ಪತ್ರ ಬರೆಯಲು ಇಡೀ ಕಾಲನಿ ಸಿದ್ಧವಾಯಿತು. ಹೇಗೆ ಬರೆಯಬೇಕೆಂದು ಕೇಳಿದ್ದು ಅವರನ್ನೇ. ಕಾಲು ಹೋದ ಮೇಲೆ ಅವರು ಕಚೇರಿಯ ಟಪಾಲು ಮೇಜಿನ ಗುಮಾಸ್ತರು, ಕಾಗದಗಳ ಆವಕ ಜಾವಕದ ಕಟ್ಟುಕಟ್ಟಳೆಯಲ್ಲಿ ಅವರದೇ ಕೊನೆಯ ಮಾತು. ಅವರು ಅಂಗಳದಲ್ಲಿ ನಿಂತು, ಎಡಗೈ ಕೋಟಿನ ಗುಂಡಿಯ ಮೇಲಿಟ್ಟು ವಿವರಿಸಿದರು.

"ನಾವೂ ಸರಕಾರಿ, ರೇಡಿಯೋನೂ ಸರಕಾರಿ. ಒಂದು ಖಾತೆಯವ ಇನ್ನೊಂದು ಖಾತೆಗಿ ಸೀದಾ ಬರೀಲಿಕ್ಕ ಬರಲ್ಲ. ಥ್ರೂ ಪ್ರಾಪರ್ ಚಾನಲ್ ಹೋಗಬೇಕು. ಬರೋಬರ್ ಅದಲ್ಲ?"

ಬರೋಬರ್ ಎಂದರು ಎಲ್ಲರೂ. ಅರವತ್ತೊಂದು ಜನ, ಪತ್ರದ ನೆತ್ತಿಯ ಮೇಲೆ ಹುದ್ದೆ, ನೌಕರಿಯ ಟಿಕೆಟ್ ನಂಬರು ಬರೆದು, ಸಂಗೀತ ಆಲಿಸಿ ಸಂತೋಷವಾಯಿತೆಂದು ಸವಿನಯವಾಗಿ ಅರಿಕೆ ಮಾಡಿಕೊಂಡು, ಆ ಪತ್ರಗಳನ್ನು ಅಂಚೆಪೆಟ್ಟಿಗೆಗೆ ಹಾಕದೆ ಹೆಡ್ ಕ್ಲರ್ಕರ ಮೇಜಿಗೆ ಸಲ್ಲಿಸಿದರು. ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು ಹೇಳಿದರು: "ನೀವು ಸಾಲಿ ಮಾಸ್ತರ, ನಿಮಗ ಈ ಕಟ್ಟಿಲ್ಲ. ಜಲ್ದಿ ಒಂದು ಕಾರ್ಡ್ ಟಪಾಲಿಗಿ ಹಾಕ್ರಿ."

ಕಾರ್ಡು ತಂದೆ, ವಿಳಾಸವನ್ನೂ ಬರೆದೆ. ಆಮೇಲೆ ಭಯ ಹಿಡಿಯಿತು. ನನ್ನ ಹೆಸರನ್ನು ರೇಡಿಯೋದಲ್ಲಿ ಓದಿಬಿಟ್ಟರೆ? ವ್ಯಾಕರಣದ ಮಾಸ್ತರರು ನಾಚ್‌ಗಾಣೆ ಮೆಚ್ಚಿದ್ದಾರೆಂದು ಹೆಡ್‌ಮಾಸ್ತರರ ಕಿವಿಗೆ ಬಿದ್ದರೆ? ನಾಳೆ ನೋಡೋಣವೆಂದು ಡ್ರಾಯರಿನಲ್ಲಿಟ್ಟೆ.

ಆರು ವಾರ ಕಳೆಯಿತು. ಪತ್ರಗಳು ಬರಲಿವೆ ಎಂಬ ಗುರುಸಿದ್ದಪ್ಪನವರ ಮಾತಿಗೆ ಬೆಲೆಕೊಟ್ಟು ಬೋಕಾರೆ ಇನ್ನೆರಡು ವಾರ ಕಾದರು. ಹೆಡ್ ಕ್ಲರ್ಕರ ಮೇಜಿಗೂ ಗುರುಸಿದ್ದಪ್ಪನವರ ಮೇಜಿಗೂ ಇದ್ದದ್ದು ಒಂದು ಕಪಾಟಿನ ಅಂತರ. ಹೋಗಿ ಒಂದು ಮಾತು ಕೇಳಬಾರದೇ ಎಂದು ನಾನು ರೇಗಿದರೆ, "ಅದು ನನ್ನ ಸ್ವಂತ ಕೆಲಸ ಆತಲ್ರಿ. ಕೇಳಿದ್ರ ವಶೀಲಿ ಆಗ್ತದ," ಎಂದರು.

ನಿಲಯಕ್ಕೆ ತಲುಪಿದ್ದು ಮೂರು ಪತ್ರ. ಒಂದು ಆ ವೇಳೆಗೆ ಅಭಂಗ ಬೇಕೆಂದು, ಇನ್ನೊಂದು ಧಾರಣೆ ಎರಡು ಸಲ ಹೇಳಿರೆಂದು. ಮೂರನೆಯದು ನಾಲ್ಕೇ ಸಾಲಿನ ಹೊಗಳಿಕೆ, ಸಹಿ ಇಲ್ಲ. ಕಾರ್ಯಕ್ರಮ ನಿಂತಿತು. ಗುರುಸಿದ್ದಪ್ಪನವರು ನಿಲಯದಿಂದ ನೇರವಾಗಿ ನಮ್ಮ ಮನೆಗೆ ಬಂದು ಹೊಸ್ತಿಲ ಬಳಿ ನಿಂತರು.

"ಒಂದರೇ ಛಲೋ ಪತ್ರ ಬಂದದಂತ ಮಾಸ್ತರ. ಹೆಸರು ಹಾಕಿಲ್ಲಂತ. ನಿಮ್ಮದೇ ಇರಬೇಕು."

ನಾನು ಇಲ್ಲವೆನ್ನಲಿಲ್ಲ. ಅವರು ಎರಡೂ ಕೈ ಮುಗಿದರು. ನನ್ನ ಜನ್ಮದಲ್ಲಿ ನನ್ನ ಬಗೆಗೆ ನಾನೇ ಅಷ್ಟು ಹೇಸಿಗೆಪಟ್ಟ ಗಳಿಗೆ ಇನ್ನೊಂದಿಲ್ಲ.

ದೀಪಾವಳಿ ಕಳೆದ ಮೇಲೆ, ನಾಲ್ಕು ತಿಂಗಳು ತಡವಾಗಿ, ಅರವತ್ತೊಂದು ಪತ್ರಗಳ ಕಡತ 'ಮುಂದಿನ ಕ್ರಮಕ್ಕಾಗಿ' ಎಂಬ ಷರಾ ಹೊತ್ತು ರವಾನೆಗೆ ಅವರ ಮೇಜಿಗೇ ಬಂತು. ಅಷ್ಟರಲ್ಲಿ ಮಹಾದೇವಮ್ಮ ತೀರಿಕೊಂಡಿದ್ದಳು. ಆ ಬೆರಳು ಮತ್ತೆ ಅಲುಗಿರಲಿಲ್ಲ. ಗುರುಸಿದ್ದಪ್ಪನವರು ಕಡತವನ್ನು ಜಾವಕ ಪುಸ್ತಕದಲ್ಲಿ ದಾಖಲು ಮಾಡಿ, ದೊಡ್ಡ ಲಕೋಟೆಗೆ ಸೇರಿಸಿ, ಅರಗು ಕರಗಿಸಿ ಮುದ್ರೆಯೊತ್ತಿ ಕಳಿಸಿದರು.

"ಒಂದಾದರೂ ಓದಿದಿರಾ ಸಾರ್?" ಎಂದು ಕೇಳಿದೆ.

"ನನ್ನ ಹೆಸರಿಗಿ ಬಂದಿದ್ದಿಲ್ಲಲ್ರಿ."

ಆಮೇಲೆ ಅವರು ಕೋಲು ಹಿಡಿದರು. ತಟ್ಟೆಗಳ ಪೆಟ್ಟಿಗೆ ಮಂಚದ ಕೆಳಗೆ ಸೇರಿತು, ಕೋಟಿನ ಜೇಬು ಸದ್ದು ನಿಲ್ಲಿಸಿತು. "ಈಗ ಅವರ ಹೆಜ್ಜಿ ಗುರ್ತೇ ಹತ್ತಂಗಿಲ್ರಿ, ಎಲ್ಲಾರ್ದು ಇದ್ದಂಗೇ ಅದ," ಎಂದು ಲಕ್ಷ್ಮವ್ವ ಒಮ್ಮೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಇಂಥವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ತಮ್ಮನ್ನು ಎಬ್ಬಿಸಿ ನಿಲ್ಲಿಸಿದ ಒಂದು ಸಂತೋಷವನ್ನು ಊರಿಗೆಲ್ಲ ಹಂಚಬೇಕೆಂದು ಹಂಬಲಿಸುತ್ತಾರೆ, ಮತ್ತು ಅದನ್ನು ನಿಯಮದ ದಾರಿಯಲ್ಲಿ ಅಲ್ಲದೆ ಬೇರೆ ದಾರಿಯಲ್ಲಿ ತರಲಾರರು; ಕೊನೆಗೆ ಆ ಸಂತೋಷಕ್ಕೆ ತಾವೇ ಮುದ್ರೆಯೊತ್ತಿ ಕಳಿಸಿ ಮೇಜು ಒರೆಸಿ ಮನೆಗೆ ನಡೆಯುತ್ತಾರೆ. ಅವರ ಹಂಬಲವನ್ನು ನಿಯಮವೇ ಕೊಂದಿತೆಂದು ನಾವು ಹೇಳಿಕೊಂಡು ತಿರುಗುತ್ತೇವೆ. ಆದರೆ ಅಂಥವರ ನೆರೆಯಲ್ಲಿ ಯಾವ ನಿಯಮದ ತಡೆಯೂ ಇಲ್ಲದ ನನ್ನಂಥವನೊಬ್ಬ ಇದ್ದೇ ಇರುತ್ತಾನೆ, ಮತ್ತು ಅವನ ಡ್ರಾಯರಿನಲ್ಲಿ ವಿಳಾಸವೊಂದನ್ನೇ ಬರೆದ ಕಾರ್ಡೊಂದು ಇದ್ದೇ ಇರುತ್ತದೆ.