ಚಕ್ರದ ಮನೆಗೆ ಲಂಗ

ಮೊಂಟಾನಾದ ಬಯಲಿನಲ್ಲಿ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಅಕ್ಟೋಬರ್ ಹಿಡಿಯಿತೆಂದರೆ ಅದು ಪಡುವಣದ ಬೆಟ್ಟಗಳಿಂದ ಇಳಿದು, ಗೋಧಿ ಕೊಯ್ದ ಹೊಲಗಳ ಮೇಲೆ ಹಾದು, ನೇರ ಟ್ರೇಲರ್ ಪಾರ್ಕಿಗೇ ನುಗ್ಗುತ್ತದೆ. ಅಲ್ಲಿ ಚಳಿಗಾಲ ಕಳೆಯುವವರು ಹಿಮ ಬೀಳುವ ಮೊದಲೇ ತಮ್ಮ ಚಕ್ರದ ಮನೆಗಳ ಅಡಿಯನ್ನು ಸುತ್ತಲೂ ಮುಚ್ಚಿಬಿಡುತ್ತಾರೆ. ಮನೆಗೆ ಲಂಗ ಉಡಿಸುವುದು ಅನ್ನುತ್ತಾರೆ ಅದಕ್ಕೆ. ಉಡಿಸದಿದ್ದರೆ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯುತ್ತದೆ.

ವೆಂಡೆಲ್‌ಗೆ ಇದು ಹೊಸದಲ್ಲ. ರೈಲು ಹಳಿಯ ಕೆಲಸ ಬಿಟ್ಟ ಮೇಲೆ ಎಷ್ಟೋ ಚಳಿಗಾಲಗಳನ್ನು ಅವನು ಅಲ್ಲಿ ಒಬ್ಬನೇ ಕಳೆದಿದ್ದ. ಸುತ್ತ ನಾಲ್ಕು ಹುಲ್ಲಿನ ಪೆಂಡಿ ಒಟ್ಟಿ ಸುಮ್ಮನಾಗುತ್ತಿದ್ದ. ನೀರು ನಿಂತರೆ ನಿಂತಿತು. ಈ ವರ್ಷ ಹಾಗಲ್ಲ. ಬೇಸಿಗೆಯಲ್ಲಿ ಅವನು ಆರ್ಡಿತ್‌ಳನ್ನು ಮದುವೆಯಾಗಿದ್ದ. ಇಬ್ಬರೂ ಎಪ್ಪತ್ತರ ಆಸುಪಾಸಿನವರು. ಲಾರಿಗಳ ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ ಜೀವಮಾನವೆಲ್ಲ ದುಡಿದು, ಪೇಟೆಯ ಇಟ್ಟಿಗೆ ಮನೆಯಲ್ಲಿ ತಂಗಿಯೊಂದಿಗೆ ಬೆಚ್ಚಗಿದ್ದವಳು ಅವಳು.

"ಒಂದು ಚಳಿಗಾಲ ನೋಡ್ತೀನಿ ವೆಂಡೆಲ್. ಆಗ್ಲಿಲ್ಲ ಅಂದ್ರೆ ವಾಪಸ್ ತಂಗಿ ಮನೆಗೆ. ಆಮೇಲೆ ಮುಖ ಊದಿಸ್ಕೊಂಡು ಕೂತ್ಕೋಬಾರ್ದು," ಎಂದು ಅವಳು ಮೊದಲೇ ಹೇಳಿದ್ದಳು.

ಹಾಗಾಗಿ ವೆಂಡೆಲ್ ಈ ಸಲ ಹುಲ್ಲಿನ ಪೆಂಡಿ ಮುಟ್ಟಲಿಲ್ಲ. ದಪ್ಪ ಪ್ಲೈವುಡ್ ತಂದ. ಹಲಗೆಗಳ ಬುಡವನ್ನು ನೆಲಕ್ಕೆ ಹೂತು, ತಲೆಯನ್ನು ಟ್ರೇಲರಿನ ಗೋಡೆಗೆ ಸ್ಕ್ರೂ ಹಾಕಿ ಬಿಗಿದ. ಆರ್ಡಿತ್ ಕೋಟು ತೊಟ್ಟು ಹೊರಗೆ ಬಂದು, "ಏನಾದ್ರೂ ಹಿಡ್ಕೊಳ್ಲಾ?" ಎಂದಳು.

"ನೀನ್ಯಾಕೆ ಈ ಗಾಳೀಲಿ? ಒಳಗೆ ಬೆಚ್ಚಗಿರು ಹೋಗು."

ಅವಳು ಕೋಟಿನ ಗುಂಡಿ ಬಿಚ್ಚುತ್ತ ಒಳಗೆ ಹೋದಳು.

ಪಕ್ಕದ ಟ್ರೇಲರಿನ ಲೊವೆಲ್ ಕಾಫಿ ಲೋಟ ಹಿಡಿದು ನೋಡುತ್ತಿದ್ದ. "ಏನೋ ಮದುಮಗ, ಕೋಟೆ ಕಟ್ತಾ ಇದೀಯ?"

"ಗಾಳಿ ಬಂದ್ರೆ ಒಂದು ಕೂದಲೂ ಅಲ್ಲಾಡಬಾರ್ದು."

"ಗಾಳಿ ಸರಿ ಮಾರಾಯ. ಹೆಪ್ಪುಗಟ್ಟಿದ್ಮೇಲೆ ನೆಲ ಸುಮ್ನಿರುತ್ತಾ?"

ಹೆಪ್ಪುಗಟ್ಟಿದ ನೆಲ ಉಬ್ಬಿ ರೈಲು ಹಳಿಯನ್ನೇ ಎತ್ತಿಬಿಡುವುದನ್ನು ಕಣ್ಣಾರೆ ಕಂಡವನು ವೆಂಡೆಲ್. ಆದರೆ ಹೊಸ ಗಂಡನ ಹುರುಪಿನಲ್ಲಿ ಆ ಮಾತು ಅವನ ಕಿವಿಯೊಳಗೆ ಇಳಿಯಲಿಲ್ಲ.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ವೆಂಡೆಲ್ ಹೊರಗೆ ಗಾಡಿಯ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ. ಚರ್ಚಿಗೆ ಸಿದ್ಧಳಾದ ಆರ್ಡಿತ್ ಒಳಗಿಂದ ಬಾಗಿಲು ತಳ್ಳಿದಳು. ಅದು ಜಪ್ಪಯ್ಯ ಎನ್ನಲಿಲ್ಲ. ರಾತ್ರಿ ನೆಲ ಉಬ್ಬಿ, ಹಲಗೆಗಳು ಗೋಡೆಯನ್ನು ಮೇಲಕ್ಕೆ ನೂಕಿ, ಬಾಗಿಲಿನ ಚೌಕಟ್ಟು ಸೊಟ್ಟಗಾಗಿತ್ತು. ವೆಂಡೆಲ್ ಹೊರಗಿಂದ ಜಗ್ಗಿದ. ಲೊವೆಲ್ ಹಾರೆ ತಂದು ಮೀಟಿದ. ಆಗಲಿಲ್ಲ.

"ಇದನ್ನ ಹಿಡ್ಕೋ," ಎಂದು ಆರ್ಡಿತ್ ಕಿಟಕಿಯಿಂದ ಮೊದಲು ಚರ್ಚಿನ ಊಟಕ್ಕೆಂದು ಮಾಡಿದ್ದ ಸೇಬಿನ ಪೈ ಇಳಿಸಿದಳು. ಆಮೇಲೆ ಚರ್ಚಿನ ಉಡುಪಿನಲ್ಲೇ ತಾನೂ ಇಳಿದಳು.

"ಹೆಂಡ್ತಿ ಓಡಿಹೋಗಬಾರ್ದು ಅಂತ ಬಾಗಿಲೇ ಜಡಿದುಬಿಟ್ಟವನನ್ನ ಇವತ್ತೇ ನೋಡಿದ್ದು!" ಎಂದ ಲೊವೆಲ್.

ಅವಳು ನಗಲಿಲ್ಲ. ಪೈ ತೆಗೆದುಕೊಂಡು, ತಾನೇ ಗಾಡಿ ಓಡಿಸಿಕೊಂಡು ಹೊರಟುಹೋದಳು.

ವೆಂಡೆಲ್ ದಿನವಿಡೀ ಸ್ಕ್ರೂ ಬಿಚ್ಚಿದ. ಚರ್ಚಿನ ಊಟ ಮುಗಿಯುವ ಹೊತ್ತು ಯಾವಾಗಲೋ ಕಳೆದಿತ್ತು. ತಂಗಿಯ ಮನೆಗೇ ಹೋಗಿದ್ದಾಳೆ, ಇನ್ನು ಬರುವುದಿಲ್ಲ ಎಂದುಕೊಂಡ. ಬಾಗಿಲೇನೋ ಸಲೀಸಾಗಿ ತೆರೆಯಿತು. ಅದರಿಂದ ಅವನ ಜೀವಕ್ಕೆ ನೆಮ್ಮದಿಯಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಬಂತು. ಹಿಂದೆ ಕಬ್ಬಿಣದ ದೊಡ್ಡ ಹೊಲಿಗೆ ಯಂತ್ರ, ಅದರ ಪಕ್ಕ ಸುತ್ತಿಟ್ಟ ಹಾಸಿಗೆಯಷ್ಟು ದಪ್ಪನೆಯ, ಪ್ಲಾಸ್ಟಿಕ್ ಬಟ್ಟೆಯ ಸುರುಳಿ. ಹೆದ್ದಾರಿಯ ಜಾಹೀರಾತು ಫಲಕದಿಂದ ಇಳಿಸಿದ್ದು. ಫಲಕ ಕಟ್ಟುವವನೊಬ್ಬ ಚರ್ಚಿನ ಊಟದಲ್ಲಿ ಸಿಕ್ಕಿದ್ದನಂತೆ. ಬಿಚ್ಚಿದರೆ ಬಟ್ಟೆಯ ತುಂಬ ಜಾಹೀರಾತಿನ ಹಲ್ಲಿನ ಡಾಕ್ಟರನೊಬ್ಬನ ನಗುಮುಖ.

"ತಂಗಿ ಮನೇಲಿದ್ದ ನನ್ನ ಯಂತ್ರ. ಇಳಿಸು, ಭಾರ ಇದೆ," ಎಂದಳು ಆರ್ಡಿತ್.

"ನಾನು, ನೀನು ಬರಲ್ಲ ಅಂತ..."

"ಊರಿನ ಲಾರಿಗೆಲ್ಲ ಟಾರ್ಪಾಲು ಹೊಲಿದ ಕೈ ಇದು. ಒಂದ್ಸಲನಾದ್ರೂ ಕೇಳಿದ್ಯಾ?"

"ನಿಂಗೆ ಕಷ್ಟ ಆಗ್ಬಾರ್ದು ಅಂತ ಕಣೆ."

"ಕೂತಲ್ಲೇ ಕಾಫಿ ಕೊಟ್ಟು ಮಾತಾಡಿಸೋದು ನೆಂಟರನ್ನ. ನಾನೇನು ನೆಂಟರ ಪೈಕಿನಾ? ಚಳಿ ನಂಗೆ ಲೆಕ್ಕ ಇಲ್ಲ ವೆಂಡೆಲ್. ಈ ಮನೇಲಿ ನಂಗೊಂದು ಕೆಲಸ ಇಲ್ವಲ್ಲ, ಅದು ತಡ್ಕೊಳ್ಳೋಕಾಗಲ್ಲ."

ವೆಂಡೆಲ್ ಯಂತ್ರದ ಒಂದು ತುದಿ ಹಿಡಿದು, "ಎಲ್ಲಿಡ್ಲಿ, ಹೇಳು," ಎಂದ.

ಮರುದಿನದಿಂದ ಅವಳು ಹೇಳಿದಂತೆ ಅವನು ಮಾಡಿದ. ಬಟ್ಟೆಯ ಮೇಲಂಚಿಗೆ ಟ್ರೇಲರಿನ ಗೋಡೆಗೆ ಸಿಕ್ಕಿಸುವ ಗುಂಡಿ, ಕೆಳಗೆ ಮರಳು ತುಂಬಲು ಉದ್ದನೆಯ ಮಡಿಕೆ. ನೆಲ ಏರಿದರೂ ಇಳಿದರೂ ಎಳೆಯದಂತೆ ನಡುವೆ ಒಂದಿಷ್ಟು ಸಡಿಲ. ಒಳಗೆ ಫೋಮಿನ ಹಲಗೆಗಳನ್ನು ಬಿಗಿಯದೆ ಒರಗಿಸಿದರು.

"ಚಿತ್ರ ಒಳಗಿರ್ಲಿ, ಹಿಂದಿನ ಕಪ್ಪು ಮಗ್ಗುಲು ಹೊರಗೆ ಬರ್ಲಿ, ಬಿಸಿಲು ಹೀರುತ್ತೆ," ಎಂದಳು.

"ಪಾಪ, ಡಾಕ್ಟ್ರು ಚಳಿಗಾಲ ಪೂರ್ತಿ ನಿಮ್ಮ ಕೊಳವೆ ನೋಡ್ಕೊಂಡೇ ನಗ್ಬೇಕಲ್ಲ!" ಎಂದ ಲೊವೆಲ್. ಈ ಸಲ ಆರ್ಡಿತ್ ಬಾಯ್ತುಂಬ ನಕ್ಕಳು.

ವಾರ ಕಳೆಯುವುದರೊಳಗೆ ಬಿರುಗಾಳಿ ಬಂತು. ಟ್ರೇಲರ್ ತೊಟ್ಟಿಲಿನಂತೆ ತೂಗಿತು. ಲಂಗ ಒಮ್ಮೆ ಉಬ್ಬಿತು, ಒಮ್ಮೆ ಒಳಸರಿಯಿತು, ಆದರೆ ಬುಡ ಬಿಡಲಿಲ್ಲ. ಗಾಳಿ ಹೊತ್ತುತಂದ ಹಿಮವೆಲ್ಲ ಅದಕ್ಕೇ ಆತು ದಿಬ್ಬವಾಗಿ, ಮನೆಗೆ ಮತ್ತೊಂದು ಹೊದಿಕೆಯಾಯಿತು.

ಬೆಳಿಗ್ಗೆ ಆರ್ಡಿತ್ ನಲ್ಲಿ ತಿರುಗಿಸಿದಳು. ವೆಂಡೆಲ್ ಹಾಸಿಗೆಯಲ್ಲೇ ಕಿವಿಗೊಟ್ಟ. ನಲ್ಲಿ ಗೊರಗೊರ ಅಂದು ಸುಮ್ಮನಾಯಿತು. ಆಮೇಲೆ ನೀರು ಧಾರೆಯಾಗಿ ಬಂತು.

ಅವಳು ಕೆಟಲ್ ತುಂಬಿ ಒಲೆಗಿಟ್ಟು, "ತಂಗಿಗೆ ಫೋನ್ ಮಾಡ್ಬೇಕು," ಎಂದಳು.

"ಯಾಕೆ?" ಎಂದ ಅವನು ಮೆಲ್ಲಗೆ.

"ನನ್ನ ಬೇಸಿಗೆ ಬಟ್ಟೆ ಎಲ್ಲ ಅಲ್ಲೇ ಇದೆ. ಕಳಿಸು ಅಂತೀನಿ."

ವೆಂಡೆಲ್ ಎದ್ದು ಕಪಾಟು ತೆರೆದ. ತನ್ನ ಹಳೆಯ ಕೋಟುಗಳನ್ನು ಒಂದು ಮೂಲೆಗೆ ಒತ್ತಿ, ಕೈಯಗಲಿಸಿ ಜಾಗ ಅಳೆದು, "ಇಷ್ಟು ಸಾಕೇನೆ?" ಎಂದ.

"ಸಾಲಲ್ಲ, ಇನ್ನೂ ತಳ್ಳು," ಎಂದಳು ಆರ್ಡಿತ್.