ಸಂಜೆ ಮನೆಗೆ ಬರುತ್ತಿದ್ದವಳು

ಕೋಮಲಳನ್ನು ಅರಸೀಕೆರೆಯ ಕಾಲೇಜಿಗೆ ಸೇರಿಸಿದ್ದು ೧೯೯೯ರ ಮಳೆಗಾಲದಲ್ಲಿ. ಹಳೇಬೀಡಿನ ಕೆರೆ ಏರಿ ಮುಗಿಯುವ ಕಡೆ ಅವರ ಮನೆ. ಅಪ್ಪ ದೊಡ್ಡಬೀರಪ್ಪನಿಗೆ ರಾಗಿ, ಆಲೂಗೆಡ್ಡೆ ಬೆಳೆಯುವ ಹೊಲ. ಅವ್ವ ತಿಮ್ಮಕ್ಕನಿಗೆ ಒಂದು ಎಮ್ಮೆ. ಆ ಮನೆಯಿಂದ ಡಿಗ್ರಿ ಓದಲು ಹೊರಟವರಲ್ಲಿ ಕೋಮಲಳೇ ಮೊದಲನೆಯವಳು. ದಿನಾ ಹೋಗಿ ಬರೋಣವೆಂದರೆ ಜಾವಗಲ್ಲು, ಬಾಣಾವರ ಹಾದು ಬರುವ ಬಸ್ಸನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಹಾಗಾಗಿ ಕೊಬ್ಬರಿ ವ್ಯಾಪಾರದ ಇಂದುಧರಪ್ಪನವರ ಮನೆಯ ಹಿಂಭಾಗದಲ್ಲಿ ಒಂದು ರೂಮು ಗೊತ್ತುಮಾಡಿದರು. ಕಡೂರಿನಿಂದ ಬಂದ ಮೇಘಶ್ರೀ ಎಂಬ ಹುಡುಗಿ ಆಗಲೇ ಅಲ್ಲಿದ್ದಳು. ಇಬ್ಬರದೂ ಒಂದೇ ಕ್ಲಾಸು.

ಅಪ್ಪ ಟ್ರಂಕು ಇಳಿಸಿ, "ಚೆನ್ನಾಗಿ ಓದ್ಕೋ ಮಗಾ" ಎಂದು ಹೇಳಿ, ತಿರುಗಿ ನೋಡದೆ ಹೊರಟುಹೋದ. ಕೋಮಲ ಹೊಸ್ತಿಲ ಮೇಲೆ ಕೂತು ಅತ್ತಳು.

ಆ ರೂಮಿನ ಮೇಲೆ ತೆಂಗಿನಕಾಯಿ ತುಂಬಿದ ಅಟ್ಟ. ಕಾಯಿಗಳು ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ದು ಒಳಗೊಳಗೇ ಒಣಗಿ ಕೊಬ್ಬರಿಯಾಗಬೇಕು. ಇಲಿಯೋ ಬೆಕ್ಕೋ ಓಡಾಡಿದರೆ ಕಾಯಿ ಉರುಳಿ ಗುಡುಗುಡು ಸದ್ದಾಗುತ್ತಿತ್ತು. ಗಾಳಿಯಲ್ಲಿ ಸದಾ ಕಮಟು ವಾಸನೆ. ಆಚೆ ಕಡೆ ರೈಲ್ವೆ ಯಾರ್ಡಿನಲ್ಲಿ ಬೋಗಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಿಲ್ಲುವ ಶಬ್ದ. ಹಗಲೇನೋ ಹೇಗೋ ಕಳೆಯುತ್ತಿತ್ತು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಹೇಳುವ ಕೆಮಿಸ್ಟ್ರಿ ತಲೆಗೆ ಹತ್ತದಿದ್ದರೂ ಪಕ್ಕದವಳ ನೋಟ್ಸು ನೋಡಿ ಬರೆದುಕೊಳ್ಳುತ್ತಿದ್ದಳು. ದೀಪ ಹಚ್ಚುವ ಹೊತ್ತು ಮಾತ್ರ ತಡೆಯಲಾಗುತ್ತಿರಲಿಲ್ಲ. ಊರಲ್ಲಿ ಅದು ಎಮ್ಮೆ ಕರೆಯುವ ಹೊತ್ತು. ಆ ಎಮ್ಮೆ ಅವ್ವನಿಗಿಂತ ಕೋಮಲಳಿಗೇ ಚೆನ್ನಾಗಿ ಹಾಲು ಬಿಡುತ್ತಿತ್ತು.

ಅತ್ತೂ ಅತ್ತೂ ಸಾಕಾದ ಮೇಲೆ ಅವಳು ತನಗೆ ತಾನೇ ಒಂದು ಉಪಾಯ ಕಂಡುಕೊಂಡಳು. ಸಂಜೆ ಚಾಪೆ ಹಾಸಿ ಗೋಡೆಗೆ ಮುಖ ಮಾಡಿ ಮಲಗುವುದು, ಕಣ್ಣು ಮುಚ್ಚುವುದು, ಮನಸ್ಸಿನಲ್ಲೇ ಮನೆಗೆ ಹೋಗುವುದು. ಸುಮ್ಮನೆ ನೆನೆಸಿಕೊಳ್ಳುವುದಲ್ಲ, ನಡೆದೇ ಹೋಗುವುದು. ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕೃಷ್ಣಪ್ಪನ ಅಂಗಡಿ ದಾಟಿ, ಏರಿ ಹತ್ತಿ, ಬಲಕ್ಕೆ ಕೆರೆಯ ನೀರು ನೋಡುತ್ತ, ಬಟ್ಟೆ ಒಗೆಯುವ ಕಲ್ಲು, ಬಾಗಿದ ಹೊಂಗೆಮರ, ಬೇಲಿಯ ತಡಿಕೆ, ಕೊಟ್ಟಿಗೆ. ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟ ಕೂಡಲೇ ಎದೆಯ ಭಾರ ಇಳಿಯುತ್ತಿತ್ತು. ತುಟಿ ಅಲ್ಲಾಡಿಸಿಕೊಂಡು ದಾರಿಯನ್ನೆಲ್ಲ ಪಿಸುಗುಟ್ಟುತ್ತಿದ್ದಳಂತೆ. ಮೇಘಶ್ರೀ ಮೊದಮೊದಲು ದೇವರ ಮಂತ್ರವಿರಬೇಕು ಅಂದುಕೊಂಡಿದ್ದಳು.

ಭಾನುವಾರ ಕೃಷ್ಣಪ್ಪನ ಅಂಗಡಿಗೆ ಫೋನ್ ಮಾಡಿದರೆ ಅವನು ಅವ್ವನನ್ನು ಕರೆಸುತ್ತಿದ್ದ. ಆಗಸ್ಟಿನ ಒಂದು ಭಾನುವಾರ ಅವ್ವನ ದನಿಯಲ್ಲಿ ಏನೋ ಕೋಪವಿತ್ತು.

"ಅಲ್ಲ ಕಣೇ, ಅಷ್ಟು ದೂರದಿಂದ ಬಂದೋಳು ಒಳಿಕ್ಕೆ ಬಂದು ಒಂದು ತುತ್ತು ಉಂಡು ಹೋಗಕ್ಕೇನಾಗಿತ್ತು?"

"ಯಾವಾಗವ್ವ?"

"ನಿನ್ನೆ ಸಂಜೆ. ಕೊಟ್ಟಿಗೆ ಬಾಗ್ಲಲ್ಲಿ ನಿಂತಿದ್ಯಲ್ಲ. ದೀಪ ಹಚ್ಚಿ ಬರೋ ಹೊತ್ಗೆ ಇಲ್ವೇ ಇಲ್ಲ."

"ನಾನು ಇಲ್ಲೇ ಇದ್ದೆ ಕಣವ್ವ. ಬೇರೆ ಯಾರನ್ನೋ ನೋಡಿದ್ದೀಯ."

"ಎಮ್ಮೆ ಹಾಲು ಕೊಡ್ತು ಕಣೇ," ಎಂದಳು ಅವ್ವ. "ನೀನು ಹೋದಾಗಿಂದ ಹಾಲು ಬಿಡ್ದೆ ಏರಿಸ್ಕೊಂಡಿತ್ತು. ನಿನ್ನೆ ಕೊಡ್ತು."

ಮಗಳ ನೆನಪಿನಲ್ಲಿ ಅವ್ವನಿಗೆ ಭ್ರಮೆಯಾಗಿರಬೇಕು ಎಂದು ಕೋಮಲ ಸಮಾಧಾನ ಹೇಳಿಕೊಂಡಳು. ಆದರೆ ಆ ದಿನದಿಂದ ಗೋಡೆಗೆ ಮುಖ ಮಾಡಿ ಮಲಗುವುದನ್ನು ಬಿಟ್ಟಳು. ಸಂಜೆಯಾದರೆ ಮೇಘಶ್ರೀಯ ಜೊತೆ ಪೇಟೆಗೆ ಹೋಗುವಳು, ಇಲ್ಲವೇ ಕಮಲಾಕ್ಷಮ್ಮನವರ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂರುವಳು. ಕಮಲಾಕ್ಷಮ್ಮ ಇಂದುಧರಪ್ಪನವರ ಹೆಂಡತಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು.

ಅಚ್ಚರಿಯೆಂದರೆ, ಅಳುವೂ ನಿಂತುಹೋಯಿತು. ಒಂದು ಹನಿಯೂ ಬರಲಿಲ್ಲ. ಟೆಸ್ಟಿನಲ್ಲಿ ಒಳ್ಳೆಯ ಮಾರ್ಕ್ಸು ಬಂತು. ಗಣೇಶನ ಹಬ್ಬಕ್ಕೆ ಊರಿಗೆ ಹೋಗಬೇಕೆಂದು ಅನಿಸಲೇ ಇಲ್ಲ. ಪ್ರಾಕ್ಟಿಕಲ್ಸ್ ಇದೆ ಅಂತ ಹೇಳಿಬಿಟ್ಟಳು. ಹುಡುಗಿ ಊರಿಗೆ ಹೊಂದಿಕೊಂಡಳು ಅಂತ ಎಲ್ಲರೂ ಅಂದರು. ಮೇಘಶ್ರೀ ಮಾತ್ರ ಒಂದು ದಿನ ಊಟಕ್ಕೆ ಕೂತಾಗ ಅವಳ ತಟ್ಟೆಯನ್ನೇ ನೋಡುತ್ತ ಹೇಳಿದಳು:

"ಸಾರಿಗೆ ಉಪ್ಪೇ ಹಾಕಿಲ್ಲ ಕಣೇ. ಅರ್ಧ ತಟ್ಟೆ ತಿಂದಿದ್ದೀಯ. ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ.

"ನೀನು ಅಳ್ತಿದ್ದಾಗಲೇ ವಾಸಿ ಇತ್ತು," ಎಂದಳು ಮೇಘಶ್ರೀ. "ಈಗ ಪಕ್ಕದಲ್ಲಿ ಯಾರೂ ಮಲಗೇ ಇಲ್ವೇನೋ ಅನ್ಸುತ್ತೆ ನಂಗೆ."

ದೀಪಾವಳಿ ಹತ್ತಿರವಾದಾಗ ಅಪ್ಪನೇ ಇಂದುಧರಪ್ಪನವರ ಮನೆಗೆ ಫೋನ್ ಮಾಡಿಸಿದ. ಯಾವತ್ತೂ ಫೋನ್ ಮುಟ್ಟದವನು. "ಬಂದು ಹೋಗು ಮಗಾ. ನಿಮ್ಮವ್ವ ಒಂಥರಾ ಆಗವಳೆ," ಎಂದಷ್ಟೇ ಹೇಳಿದ.

ಕೋಮಲ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಹಳೇಬೀಡಿನಲ್ಲಿ ಇಳಿದಳು. ಕೃಷ್ಣಪ್ಪ ಅಂಗಡಿಯೊಳಗಿಂದ, "ಇವತ್ತೇನವ್ವ ಬಿಸಿಲಲ್ಲೇ ಬಂದುಬಿಟ್ಟೆ?" ಎಂದು ಕೇಳಿದ. ಅವಳು ಏರಿ ಹತ್ತಿದಳು. ಮನೆಯ ಮುಂದಿನ ನಾಯಿ, ಅವಳೇ ಗಂಜಿ ಹಾಕಿ ಸಾಕಿದ್ದು, ಎದ್ದು ನಿಂತು ಗುರ್ ಎಂದಿತು. ಅವ್ವ ಬಾಗಿಲಿಗೆ ಬಂದಳು. ಮಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನೆಂಟರನ್ನು ಕರೆಯುವಂತೆ, "ಬಾ, ಕಾಲು ತೊಳ್ಕೊ" ಎಂದಳು.

ಅವ್ವ ಸೊರಗಿರಲಿಲ್ಲ. ಅದೇ ಕೋಮಲಳಿಗೆ ಹೆದರಿಕೆ ಹುಟ್ಟಿಸಿತು. ಮುಖದಲ್ಲಿ ಎಂಥದೋ ಗೆಲುವಿತ್ತು. ಅಡುಗೆ ಮಾಡುತ್ತ ಮಾಡುತ್ತ ಬಾಗಿಲಾಚೆಯ ನೆರಳು ಎಲ್ಲಿಗೆ ಬಂತೆಂದು ಇಣುಕಿ ನೋಡುತ್ತಿದ್ದಳು. ಹೊತ್ತು ಇಳಿಯುತ್ತಿದ್ದ ಹಾಗೆ ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ.

"ಎಲ್ಲಿಗಪ್ಪ?"

"ಕಟ್ಟೆ ತಾವ." ಅವನು ಮಗಳ ಮುಖ ನೋಡಲಿಲ್ಲ. "ಈ ಹೊತ್ನಲ್ಲಿ ನಾನು ಮನೇಲಿ ಇರಾಕಿಲ್ಲ. ನಂಗೇನೂ ಕಂಡಿಲ್ಲ, ಕಾಣೋದೂ ಬ್ಯಾಡ."

ಅವ್ವ ಚೊಂಬು ತೊಳೆದು ಕೊಟ್ಟಿಗೆಗೆ ಹೋದಳು. ಕೋಮಲ ಜಗಲಿಯ ಕಂಬ ಹಿಡಿದು ನಿಂತಳು. ಕೆರೆಯ ನೀರಿನ ಮೇಲೆ ಬೆಳಕು ಸಣ್ಣಗಾಗುತ್ತಿತ್ತು. ನಾಯಿ ಇದ್ದಕ್ಕಿದ್ದಂತೆ ಬಾಲ ಆಡಿಸುತ್ತ ತಡಿಕೆಯ ಕಡೆ ಓಡಿತು.

ಏರಿಯ ಮೇಲೆ ಒಬ್ಬ ಹುಡುಗಿ ನಡೆದು ಬರುತ್ತಿದ್ದಳು. ಹಸಿರು ಚೂಡಿದಾರ್. ಕಾಲೇಜಿನ ಮೊದಲ ದಿನಕ್ಕೆಂದು ಹೊಲಿಸಿದ್ದು. ಅದನ್ನು ಅರಸೀಕೆರೆಯ ಟ್ರಂಕಿನಲ್ಲಿ ಮಡಿಸಿಟ್ಟು ಬಂದಿದ್ದಳು ಕೋಮಲ. ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಒಂದೇ ಜಡೆ, ಅತ್ತು ಊದಿಕೊಂಡ ಕಣ್ಣು. ಕನ್ನಡಿಯಲ್ಲಿ ಕಂಡ ಹಾಗಲ್ಲ, ಬೇರೆ ಯಾರೋ ನೋಡುವ ಹಾಗೆ ಕೋಮಲ ತನ್ನನ್ನೇ ಎದುರಿಗೆ ನೋಡಿದಳು. ಆ ಹುಡುಗಿ ಅವಳ ಪಕ್ಕದಲ್ಲೇ ಹಾದುಹೋದಳು. ತುಟಿ ಅಲ್ಲಾಡುತ್ತಿತ್ತು. "ಒಗೆಯೋ ಕಲ್ಲು... ಹೊಂಗೆಮರ... ತಡಿಕೆ... ಕೊಟ್ಟಿಗೆ..."

ಹೋಗಿ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟಳು. ಚೊಂಬಿನೊಳಗೆ ಹಾಲು ಚೊರ್ರೆಂದು ಬಿತ್ತು.

"ಬಂದ್ಯಾ ನನ್ನವ್ವ," ಎಂದಳು ತಿಮ್ಮಕ್ಕ, ತಲೆಯೆತ್ತದೆ. ಅಷ್ಟು ಮೆತ್ತನೆಯ ದನಿಯಲ್ಲಿ ಅವ್ವ ತನ್ನನ್ನು ಕರೆದು ಎಷ್ಟು ಕಾಲವಾಯಿತೆಂದು ಕೋಮಲ ಯೋಚಿಸಿದಳು. ಬಾಗಿಲಿಗೆ ಹೋಗಿ ನಿಂತು, "ಅವ್ವಾ, ನಾನು ಇಲ್ಲಿದ್ದೀನಿ" ಎಂದಳು.

"ಕೂಗಬ್ಯಾಡ. ಹೊಂಟೋಗ್ತಾಳೆ."

"ಅವಳು ನಾನಲ್ಲ ಕಣವ್ವ. ನಾನಿಲ್ಲಿದ್ದೀನಿ!"

"ನೀನು ನಾಳಿದ್ದು ಬಸ್ ಹತ್ತೀಯ," ಎಂದಳು ಅವ್ವ. ಕೈ ಹಾಲು ಕರೆಯುತ್ತಲೇ ಇತ್ತು. "ಅವಳು ದಿನಾ ಬತ್ತಾಳೆ. ನಿಂಗೆ ಹಬ್ಬಕ್ಕೆ ಬರಕ್ಕೂ ಪುರ್ಸೊತ್ತಿಲ್ಲ. ಇವಳಿಗೆ ನಾನು ಬೇಕು."

ಆ ಮಾತಿಗೆ ಕೋಮಲಳಿಗೆ ದುಃಖವಾಗಬೇಕಿತ್ತು. ಆಗಲಿಲ್ಲ. ದುಃಖ ಹುಟ್ಟುವ ಜಾಗವೇ ಖಾಲಿಯಾಗಿತ್ತು. ಆಗಲೇ ಅವಳಿಗೆ ತಿಳಿದದ್ದು. ದಿನಾ ಸಂಜೆ ತಾನು ಮನೆಗೆ ಕಳಿಸಿದ್ದು ಸುಮ್ಮನೆ ಒಂದು ನೆನಪನ್ನಲ್ಲ. ತನ್ನೊಳಗೆ ಅಳುತ್ತಿದ್ದವಳನ್ನೇ ಇಲ್ಲಿಗೆ ಕಳಿಸಿ, ಹಿಂದಕ್ಕೆ ಕರೆದುಕೊಳ್ಳದೆಯೇ ಕಣ್ಣು ತೆರೆದು ಎದ್ದುಬಿಟ್ಟಿದ್ದಳು.

ಹತ್ತಿರ ಹೋಗಿ ಆ ಹುಡುಗಿಯ ಕೈ ಹಿಡಿದಳು. ಕೈ ಬೆಚ್ಚಗಿತ್ತು, ತನ್ನದೇ ತಣ್ಣಗಿತ್ತು.

"ಬಾ," ಎಂದಳು. "ನಿನ್ನ ಅರಸೀಕೆರೇಲಿ ಒಬ್ಳೇ ಬಿಡಲ್ಲ. ಇಬ್ಬರೂ ಹೋಗೋಣ."

ಅವ್ವ ಚೊಂಬು ಕೆಳಗಿಟ್ಟು ಎದ್ದಳು. "ಬ್ಯಾಡ ಕಣೇ ಕೋಮಲ. ಅವಳನ್ನ ಬಿಟ್ಟೋಗು. ನಿಂಗೆ ಕೈ ಮುಗಿತೀನಿ."

ಕೋಮಲ ನಿಲ್ಲಲಿಲ್ಲ. ನಿಂತರೆ ತನಗೂ ಬಿಡಿಸಿಕೊಂಡು ಬರಲಾಗುವುದಿಲ್ಲವೆಂದು ಗೊತ್ತಿತ್ತು. ಬ್ಯಾಗು ಹೆಗಲಿಗೇರಿಸಿ ಏರಿಯ ಮೇಲೆ ನಡೆದಳು. ಕೈಯಲ್ಲಿದ್ದ ಕೈ ಎಲ್ಲೋ ಜಾರಿತು. ಆದರೆ ಹಿಂದೆ ಚಪ್ಪಲಿಯ ಸದ್ದು ಬರುತ್ತಲೇ ಇತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ದಾರಿಯನ್ನು ಹಿಂದುಮುಂದಾಗಿ ಗಟ್ಟಿಯಾಗಿ ಹೇಳಿಕೊಳ್ಳುತ್ತ ಹೋದಳು. ಹೊಂಗೆಮರ, ಕಲ್ಲು, ಕೃಷ್ಣಪ್ಪನ ಅಂಗಡಿ. ದೂರದಿಂದ ಅವ್ವ ಹೆಸರು ಹಿಡಿದು ಕರೆಯುತ್ತಿದ್ದಳು. ಯಾರನ್ನು ಕರೆಯುತ್ತಿದ್ದಾಳೆಂದು ಹೇಳುವಂತಿರಲಿಲ್ಲ.

ಅರಸೀಕೆರೆಯ ಬಸ್ಸು ತುಂಬಿತ್ತು. ಜನ ನಿಂತಿದ್ದರು. ಆದರೂ ಅವಳ ಪಕ್ಕದ ಸೀಟಿಗೆ ಯಾರೂ ಬಂದು ಕೂರಲಿಲ್ಲ. ಜಾವಗಲ್ಲು ಹತ್ತಿರ ಬರುವಾಗ ಕೋಮಲಳಿಗೆ ತಿಂಗಳುಗಳ ಮೇಲೆ ಅಳು ಬಂತು. ಸೆರಗಿಲ್ಲ, ಕರ್ಚೀಫಿಲ್ಲ, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಬಸ್ಸಿನವರೆಲ್ಲ ನೋಡುವಂತೆ ಬಿಕ್ಕಿ ಬಿಕ್ಕಿ ಅತ್ತಳು. ಬಸ್ಸು ನಿಂತಾಗ ಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿ, "ಇಲ್ಲಿ ಯಾರಾರ ಅವ್ರೇನವ್ವ?" ಎಂದಳು. ಕೋಮಲ ಪಕ್ಕಕ್ಕೆ ನೋಡಿದಳು.

"ಇಲ್ಲ, ಕೂತ್ಕೊಳ್ಳಿ," ಎಂದಳು.

ಆ ಹಬ್ಬವನ್ನು ಅವಳು ಕಮಲಾಕ್ಷಮ್ಮನವರ ಮನೆಯಲ್ಲೇ ಕಳೆದಳು. ಹೋಳಿಗೆಗೆ ರುಚಿಯಿತ್ತು, ಅಟ್ಟದ ಕಮಟು ಮತ್ತೆ ಮೂಗಿಗೆ ಬಡಿಯಿತು, ಅಳು ಹೊತ್ತುಗೊತ್ತಿಲ್ಲದೆ ಬರುತ್ತಿತ್ತು. ರಜೆ ಮುಗಿಸಿ ಬಂದ ಮೇಘಶ್ರೀ ಅವಳ ಕೆಂಪು ಕಣ್ಣು ನೋಡಿ, "ಅಬ್ಬಾ, ಬಂದ್ಯಲ್ಲ!" ಎಂದು ತಬ್ಬಿಕೊಂಡಳು.

ಊರಲ್ಲಿ ಎಮ್ಮೆ ಹಾಲು ನಿಲ್ಲಿಸಿತು. ಅವ್ವ ಫೋನಿಗೆ ಬರುವುದನ್ನೂ ನಿಲ್ಲಿಸಿದಳು. ಪ್ರತಿ ಭಾನುವಾರ ಕೃಷ್ಣಪ್ಪ, "ಕರೆದೆ ಕಣವ್ವ, ಬರಲ್ಲ ಅಂತಾರೆ" ಎಂದು ಹೇಳುವನು. ಕೋಮಲ ಹಟ ಬಿಡದೆ ಫೋನ್ ಮಾಡುತ್ತಲೇ ಇದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಮಲಾಕ್ಷಮ್ಮ ಕೂಗಿದರು. ಹೋಗಿ ನೋಡಿದರೆ ಮುಂಬಾಗಿಲಲ್ಲಿ ಅವ್ವ. ಬೇಲೂರಿನಿಂದಾಚೆ ಒಬ್ಬಳೇ ಎಲ್ಲಿಗೂ ಹೋಗದವಳು, ಟವೆಲ್ಲಿನಲ್ಲಿ ಕಟ್ಟಿದ ರೊಟ್ಟಿಯ ಗಂಟು ಹಿಡಿದು, ಧೂಳು ಮೆತ್ತಿದ ಕಾಲಲ್ಲಿ ನಿಂತಿದ್ದಳು.

ಕಮಲಾಕ್ಷಮ್ಮ ನಗುತ್ತ ಅವ್ವನ ಕೈ ಹಿಡಿದರು. "ಇವತ್ತಾದ್ರೂ ಹೊಸ್ತಿಲು ದಾಟಿ ಬನ್ನೀಮ್ಮ. ದಿನಾ ಸಂಜೆ ಬಂದು ಗೇಟಿನ ಹತ್ರಾನೇ ನಿಂತು ಹೋಗ್ತೀರಿ, ಕೂಗಿದ್ರೆ ಓಗೊಡಲ್ಲ. ನೀವು ಕೋಮಲನ ಅಮ್ಮ ಅಂತ ಇವತ್ತೇ ನಂಗೆ ಗೊತ್ತಾಗಿದ್ದು."

ಕೋಮಲ ಅವ್ವನನ್ನು ನೋಡಿದಳು. ಅವ್ವ ನೆಲ ನೋಡುತ್ತಿದ್ದಳು.

"ದೀಪ ಹಚ್ಚೋ ಹೊತ್ನಲ್ಲಿ ಕಣ್ಮುಚ್ಕೊಂಡು ಕೂತ್ಕೊತಿದ್ದೆ," ಎಂದಳು ಕೊನೆಗೆ, ಮಗಳಿಗೊಬ್ಬಳಿಗೇ ಕೇಳುವಂತೆ. "ನೀನಿರೋ ಜಾಗ ಹೆಂಗೈತೋ ನಂಗೇನು ಗೊತ್ತು? ಗೇಟಿನ ಗಂಟ ಬರ್ತಿದ್ದೆ. ಆಮ್ಯಾಕೆ ಒಳಗಡೆ ಹೆಂಗೈತೋ ತಿಳೀತಿರಲಿಲ್ಲ."

ಕೋಮಲ ಅವಳನ್ನು ಒಳಗೆ ಕರೆದುಕೊಂಡು ಹೋಗಿ ರೂಮು ತೋರಿಸಿದಳು. ಅವ್ವ ಚಾಪೆ, ಟ್ರಂಕು, ಗೋಡೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಮೇಘಶ್ರೀಗೆ ರೊಟ್ಟಿ ಕೊಟ್ಟಳು. ಮಗಳ ಚಾಪೆಯ ಮೇಲೆ ಮಲಗಿ ಮಧ್ಯಾಹ್ನವೆಲ್ಲ ನಿದ್ದೆ ಮಾಡಿದಳು. ಕೋಮಲ ಪಕ್ಕದಲ್ಲೇ ಕೂತು ಅವಳ ಉಸಿರಾಟ ನೋಡುತ್ತಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಹತ್ತಿಸುವಾಗ ಕೋಮಲ ಅವ್ವನ ಎರಡೂ ಕೈ ಹಿಡಿದುಕೊಂಡು ಹೇಳಿದಳು, "ಇನ್ಮೇಲೆ ಬರ್ಬೇಕು ಅನ್ಸಿದ್ರೆ ಬಸ್ಸಲ್ಲೇ ಬಾ ಅವ್ವ. ನಾನೂ ಬಸ್ಸಲ್ಲೇ ಬರ್ತೀನಿ."

"ಆಯ್ತು ಬಿಡು," ಎಂದಳು ಅವ್ವ. ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಾಗ ಕೋಮಲ ಕಿಟಕಿಯತ್ತ ಕೈ ಬೀಸಿದಳು. ಆಮೇಲೆ, ತಿರುಗಿ ನಡೆಯುವ ಮುಂಚೆ, ಅವ್ವ ನಿಂತಿದ್ದ ಜಾಗವನ್ನೊಮ್ಮೆ ನೋಡಿಕೊಂಡಳು. ಅಲ್ಲಿ ಯಾರೂ ಇರಲಿಲ್ಲ.